ಉಳಿದ ಹದಿಮೂರು ದಿನ ಯಾರದ್ದು?

(ಭಾಗ 1)

ಫೋಟೋ: ಒಂದು ಸಕ್ಕರೆ ಕಾರ್ಖಾನೆಯ ಪ್ಯಾನೆಲ್ ರೂಮು, ರಾತ್ರಿ ಎರಡೂವರೆ. ಮಲಗಿಸಿಟ್ಟ ಕೇಬಲ್ ಡ್ರಮ್ಮೇ ನನ್ನ ಟೇಬಲ್ಲು. ಲ್ಯಾಪ್‌ಟಾಪ್ ಪಕ್ಕ ಅರ್ಧ ಕುಡಿದಿಟ್ಟ ಚಹಾ, ಅದರ ಮೇಲೆ ಕಬ್ಬಿನ ಸಿಪ್ಪೆಯ ಧೂಳು.

ಹೋದ ವಾರ ಒಬ್ಬರು ಮೆಸೇಜ್ ಮಾಡಿದ್ರು. "ಮೇಡಂ, ಎಐ ಬಂದ್ಮೇಲೆ ನಿಮ್ಮ ಕೆಲಸ ಎಷ್ಟು ಫಾಸ್ಟ್ ಆಯ್ತು? ಎರಡು ಪಟ್ಟು? ಮೂರು?" ಒಂದೇ ಸಾಲಲ್ಲಿ ಉತ್ತರ ಬರೆಯೋಕೆ ಕೂತೆ, ಆಗಲಿಲ್ಲ. ಅದಕ್ಕೇ ಈ ಸಲ ಏಳು ಫೋಟೋ, ಏಳು ಕ್ಯಾಪ್ಷನ್. ಟೈಮ್ ಇದ್ದಾಗ ಓದಿ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ: ನಾನು ಬರೆಯೋದು ಆ್ಯಪ್ ಅಲ್ಲ, ವೆಬ್‌ಸೈಟೂ ಅಲ್ಲ. ಮೋಟರ್ ಯಾವಾಗ ಓಡಬೇಕು, ವಾಲ್ವ್ ಯಾವಾಗ ಮುಚ್ಚಬೇಕು, ಬಾಯ್ಲರ್‌ನಲ್ಲಿ ನೀರು ಕಮ್ಮಿ ಆದ್ರೆ ಏನಾಗಬೇಕು ಅಂತ ಹೇಳೋ ಸಾಫ್ಟ್‌ವೇರು. ಅದು ಕೂತಿರೋದು ಪಿಎಲ್‌ಸಿ ಅನ್ನೋ ಡಬ್ಬಿಯಲ್ಲಿ. ಕಂಟ್ರೋಲ್ ರೂಮಿನ ದೊಡ್ಡ ಪರದೆ ಮೇಲೆ ಪಂಪು, ಟ್ಯಾಂಕು ಬಣ್ಣ ಬದಲಾಯಿಸ್ತಾ ಕಾಣುತ್ತಲ್ಲ, ಅದು ಸ್ಕಾಡಾ. ಹದಿನಾರು ವರ್ಷದಿಂದ ಇದೇ ನನ್ನ ಅನ್ನ.

ಉತ್ಪಾದಕತೆ ಅಂದ್ರೆ ನಮ್ಮ ಕಡೆ ತುಂಬ ಜನ "ಎಷ್ಟು ಬೇಗ ಕೋಡ್ ಬರೀತೀರಿ" ಅಂತ ತಿಳಿದಿದ್ದಾರೆ. ನನ್ನ ಪ್ರಕಾರ ಅದು ಅತಿ ಸಣ್ಣ ಭಾಗ. ಕೆಲಸ ಬೇಗ ಆಗೋದು ಹೇಗೆ ಅನ್ನೋದು ನಮ್ಮ ಕ್ಷೇತ್ರಕ್ಕೆ ಬಹಳ ಹಿಂದೆಯೇ ಗೊತ್ತು. ಗೊತ್ತಿದ್ದೂ ಯಾಕೆ ಮಾಡಲ್ಲ ಅನ್ನೋದೇ ನಿಜವಾದ ಪ್ರಶ್ನೆ.

(ಭಾಗ 2)

ಫೋಟೋ: ಪೀಣ್ಯದ ಗುಜರಿ ಅಂಗಡಿಯೊಂದರಲ್ಲಿ ಸಿಕ್ಕ ಹಳೇ ರಿಲೇ ಪ್ಯಾನೆಲ್. ಒಳಗಿನ ವೈರು ನೋಡಿ, ಜಡೆ ಬಿಚ್ಚಿಟ್ಟ ಹಾಗಿದೆ.

ಒಂದು ಕಾಲದಲ್ಲಿ ಮೆಷಿನ್ನಿನ ಬುದ್ಧಿಯೆಲ್ಲ ಇಂಥ ಪೆಟ್ಟಿಗೆಯಲ್ಲೇ ಇರ್ತಿತ್ತು. ಅಮೆರಿಕದ ಜನರಲ್ ಮೋಟರ್ಸ್‌ಗೆ ಇದು ದೊಡ್ಡ ತಲೆನೋವಾಗಿತ್ತು. ಕಾರಿನ ಮಾಡೆಲ್ ಬದಲಾದಾಗಲೆಲ್ಲ ಪ್ಯಾನೆಲ್ ಬಿಚ್ಚಿ ಮತ್ತೆ ವೈರಿಂಗ್ ಮಾಡಬೇಕು, ಇಲ್ಲವೇ ಗುಜರಿಗೆ ಹಾಕಬೇಕು. 1968ರಲ್ಲಿ ಅವರ ಹೈಡ್ರಮ್ಯಾಟಿಕ್ ವಿಭಾಗ ರಿಲೇ ಬದಲು ಬೇರೇನಾದ್ರೂ ಕೊಡಿ ಅಂತ ಕೇಳಿತು. ಡಿಕ್ ಮಾರ್ಲಿ ಮತ್ತವರ ತಂಡ ತಯಾರು ಮಾಡಿದ್ದು ಮೋಡಿಕಾನ್ 084. ಅದು ಅವರ ಕಂಪನಿಯ 84ನೇ ಪ್ರಾಜೆಕ್ಟು, ಅದಕ್ಕೇ ಆ ನಂಬರು.

ಅವರು ಮಾಡಿದ ಜಾಣತನದ ಕೆಲಸ ಬೇರೆಯೇ ಇದೆ. ಆ ಡಬ್ಬಿಗೆ ಹೊಸ ಕಂಪ್ಯೂಟರ್ ಭಾಷೆ ಕೊಡಲಿಲ್ಲ. ಎಲೆಕ್ಟ್ರಿಷಿಯನ್‌ಗಳು ಅಷ್ಟು ವರ್ಷ ಓದ್ತಾ ಬಂದಿದ್ದ ರಿಲೇ ಡ್ರಾಯಿಂಗನ್ನೇ ಭಾಷೆ ಮಾಡಿದ್ರು. ಏಣಿ ಥರ ಕಾಣುತ್ತೆ, ಅದಕ್ಕೆ ಲ್ಯಾಡರ್ ಅಂತಾರೆ. ರಾತ್ರಿ ಪಾಳಿಯಲ್ಲಿ ಮೆಷಿನ್ ನಿಂತ್ರೆ, ಐಟಿಐ ಮಾಡಿದ ಹುಡುಗ ಲ್ಯಾಪ್‌ಟಾಪ್ ತೆಗೆದು ಯಾವ ಕಾಂಟ್ಯಾಕ್ಟ್ ಕೂತಿಲ್ಲ ಅಂತ ತಾನೇ ಕಂಡುಹಿಡೀತಾನೆ. ಸಾಫ್ಟ್‌ವೇರ್ ಬರೆದೋರನ್ನ ಎಬ್ಬಿಸಬೇಕಾಗಿಲ್ಲ. ಐವತ್ತು ವರ್ಷದ ಮೇಲಾದ್ರೂ ಲ್ಯಾಡರ್ ಸತ್ತಿಲ್ಲ. "ಇದೆಂಥ ಹಳೇ ಭಾಷೆ" ಅಂತ ಮೂಗು ಮುರಿಯೋ ಕಂಪ್ಯೂಟರ್ ಸೈನ್ಸ್ ಗೆಳೆಯರಿಗೆ ನಾನು ಹೇಳೋದು ಇಷ್ಟೇ: ಬರೆಯೋನ ಹತ್ತು ನಿಮಿಷಕ್ಕಿಂತ ಓದೋನ ಇಪ್ಪತ್ತು ವರ್ಷ ದೊಡ್ಡದು.

ಆಮೇಲೆ 1993ರಲ್ಲಿ ಐಇಸಿ 61131-3 ಅಂತ ಭಾಷೆಗಳ ಮಾನದಂಡ ಬಂತು. 1996ರಲ್ಲಿ ಓಪಿಸಿ ಬಂತು. ಅದಕ್ಕೆ ಮುಂಚೆ ಪ್ರತಿ ಸ್ಕಾಡಾಕ್ಕೂ ಪ್ರತಿ ಕಂಪನಿಯ ಪಿಎಲ್‌ಸಿಗೂ ಬೇರೆ ಬೇರೆ ಡ್ರೈವರ್ ಬರೀಬೇಕಿತ್ತು. ಆ ದುಡಿಮೆ ತಪ್ಪಿಸಿದ್ದು ಯಾವ ಚುರುಕು ಕೈಯೂ ಅಲ್ಲ, ಒಂದು ಒಪ್ಪಂದ. ಮಾನದಂಡ ಇದ್ರೂ ಒಂದು ಬ್ರ್ಯಾಂಡಿನ ಪ್ರೋಗ್ರಾಂ ಇನ್ನೊಂದು ಬ್ರ್ಯಾಂಡಿನಲ್ಲಿ ಸಲೀಸಾಗಿ ತೆರೆಯಲ್ಲ ಅನ್ನೋದು ಬೇರೆ ಕತೆ. ಅದರ ಮೇಲೆ ಬೈಯೋಕೆ ಇನ್ನೊಂದು ಸೀರೀಸೇ ಬೇಕು.

(ಭಾಗ 3)

ಫೋಟೋ: ಕಾರ್ಖಾನೆ ಗೇಟಿನಾಚೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಕೊನೆ ಕಾಣ್ತಿಲ್ಲ. ಇದು ನನ್ನ ತಪ್ಪಿನ ಫೋಟೋ.

ನನ್ನ ನಾಲ್ಕನೇ ವರ್ಷದ ಕೆಲಸ, ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆ. ನನಗೆ ಕೊಟ್ಟ ಕಾಗದದಲ್ಲಿ ಒಂದು ಸಾಲಿತ್ತು: ಮೊದಲ ಮಿಲ್ ಟ್ರಿಪ್ ಆದ್ರೆ ಕೇನ್ ಕ್ಯಾರಿಯರ್ ನಿಲ್ಲಬೇಕು. ಬರೆದೆ. ಮಿಲ್ ನಿಂತ್ರೆ ಕ್ಯಾರಿಯರ್ ನಿಲ್ಲುತ್ತೆ, ಮಿಲ್ ಶುರುವಾದ್ರೆ ಕ್ಯಾರಿಯರೂ ಶುರು. ಪೀಣ್ಯದ ಆಫೀಸಲ್ಲಿ ಟೆಸ್ಟ್ ಮಾಡಿ, ಸಹಿ ಹಾಕಿಸಿಕೊಂಡು ಹೋದ್ವಿ.

ಹಂಗಾಮು ಶುರುವಾದ ಮೂರನೇ ದಿನ ಮಿಲ್ ಟ್ರಿಪ್ ಆಯ್ತು. ಮತ್ತೆ ಸ್ಟಾರ್ಟ್ ಕೊಟ್ರು. ಚ್ಯೂಟ್‌ನಲ್ಲಿ ಮೊದಲೇ ಕಬ್ಬು ತುಂಬಿ ನಿಂತಿತ್ತು, ನನ್ನ ಪ್ರೋಗ್ರಾಂ ಅದರ ಮೇಲೆ ಇನ್ನಷ್ಟು ಕಬ್ಬು ತಂದು ಸುರೀತು. ಮಿಲ್ ಕಟ್ಟಿಕೊಳ್ತು. ನಾಲ್ಕು ಗಂಟೆ ಹಾರೆ ಹಾಕಿ ಬಿಡಿಸಿದ್ರು. ಅಷ್ಟರಲ್ಲಿ ಹೊರಗೆ ಈ ಸಾಲು. ಕಬ್ಬು ಕಡಿದ ಮೇಲೆ ಕಾಯಿಸಿದಷ್ಟೂ ತೂಕ ಇಳಿಯುತ್ತೆ, ಸಕ್ಕರೆ ಅಂಶವೂ ಇಳಿಯುತ್ತೆ. ತೂಕದ ಲೆಕ್ಕದಲ್ಲಿ ದುಡ್ಡು ಎಣಿಸೋ ರೈತ ಗೇಟಿನ ಹೊರಗೆ ಬೀಡಿ ಹಚ್ಚಿಕೊಂಡು ಕೂತಿದ್ದ. ನನ್ನ ತಪ್ಪಿಗೆ ಅವನ ಜೇಬಿಂದ ಹೋಯ್ತು.

ಇಪ್ಪತ್ತೆರಡು ಹಂಗಾಮು ಕಂಡಿದ್ದ ಆಪರೇಟರ್ ಒಬ್ಬರು ಬಂದು ಮೆತ್ತಗೆ ಹೇಳಿದ್ರು: "ಮೇಡಂ, ಗಾಣ ಮೊದ್ಲ ಖಾಲಿ ತಿರಗಬೇಕ್ರಿ, ಒಳಗಿಂದು ಎಲ್ಲಾ ಹೋಗಬೇಕು, ಆಮ್ಯಾಲೆ ಕಬ್ಬ ಕೊಡಬೇಕು. ಇದು ಇಲ್ಲಿ ಎಲ್ಲಾರಿಗೂ ಗೊತ್ತೈತ್ರಿ. ನಮ್ಮನ್ನ ಯಾರ್ ಕೇಳ್ಯಾರ?"

ಯಾರೂ ಕೇಳಿರಲಿಲ್ಲ. ಸರಿ ಮಾಡೋಕೆ ಬೇಕಾಗಿದ್ದು ಒಂದು ಟೈಮರ್, ಒಂದು ಕಾಂಟ್ಯಾಕ್ಟ್. ಹತ್ತು ನಿಮಿಷ.

ಫ್ರೆಡ್ ಬ್ರೂಕ್ಸ್ 1986ರಲ್ಲಿ ಬರೆದ ಪ್ರಬಂಧದ ತಿರುಳು ಇದೇ: ಸಾಫ್ಟ್‌ವೇರಿನ ಕಷ್ಟದಲ್ಲಿ ಎರಡು ಥರ. ಬರೆಯೋ ಕಷ್ಟ ಒಂದು, ಏನು ಬರೀಬೇಕು ಅಂತ ತಿಳಿಯೋ ಕಷ್ಟ ಇನ್ನೊಂದು. ಹೊಸ ಟೂಲ್‌ಗಳು ಮೊದಲನೇದನ್ನ ಕರಗಿಸ್ತವೆ, ಎರಡನೇದು ಹಾಗೇ ಉಳಿಯುತ್ತೆ. ಅವರೇ 1975ರ ಪುಸ್ತಕದಲ್ಲಿ ಇನ್ನೊಂದು ಹೇಳಿದ್ರು: ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದ್ರೆ ಇನ್ನೂ ತಡವಾಗುತ್ತೆ. ಆವತ್ತು ನಮ್ಮ ಆಫೀಸು ಏನು ಮಾಡ್ತು ಗೊತ್ತಾ? ರಾತ್ರಿ ಬಸ್ಸಿಗೆ ನಾಲ್ಕು ಹುಡುಗರನ್ನ ಹತ್ತಿಸಿ ಕಳಿಸ್ತು. ಎರಡು ದಿನ ಅವರಿಗೆ ಪ್ಲಾಂಟ್ ತೋರಿಸೋದೇ ನನ್ನ ಕೆಲಸ ಆಯ್ತು. ಪಾಪ, ಅವರಿಗೆ ಸರಿಯಾದ ಸೇಫ್ಟಿ ಶೂ ಕೂಡ ಕೊಟ್ಟಿರಲಿಲ್ಲ.

ಬ್ಯಾರಿ ಬೋಮ್ ಅನ್ನೋರು 63 ಪ್ರಾಜೆಕ್ಟುಗಳ ಲೆಕ್ಕ ಇಟ್ಟುಕೊಂಡು 1981ರಲ್ಲಿ ಕೊಕೊಮೊ ಅನ್ನೋ ಸೂತ್ರ ಪ್ರಕಟಿಸಿದ್ರು. ಶ್ರಮವನ್ನ ಹೆಚ್ಚು ಕಮ್ಮಿ ಮಾಡೋ ಅಂಶಗಳಲ್ಲಿ ತಂಡದ ಸಾಮರ್ಥ್ಯದ್ದೇ ಎಲ್ಲಕ್ಕಿಂತ ದೊಡ್ಡ ಪಾಲು: ತೀರ ದುರ್ಬಲ ತಂಡಕ್ಕೂ ತೀರ ಗಟ್ಟಿ ತಂಡಕ್ಕೂ ನಾಲ್ಕು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಟೂಲ್‌ಗಳಿಂದ ಬರೋದು ಸುಮಾರು ಒಂದೂವರೆ ಪಟ್ಟು. ಹಳೇ ಅಂಕಿ, ಒಪ್ತೀನಿ. ಆದ್ರೂ ಟೂಲ್‌ಗೆ ಲಕ್ಷಗಟ್ಟಲೆ ಲೈಸೆನ್ಸ್ ಕಟ್ಟೋ ಕಂಪನಿ, ಹೊಸ ಎಂಜಿನಿಯರನ್ನ ಒಂದು ಹಂಗಾಮು ಆಪರೇಟರ್ ಪಕ್ಕ ಕೂರಿಸೋಕೆ ಹಿಂದೆಮುಂದೆ ನೋಡುತ್ತೆ.

(ಭಾಗ 4)

ಫೋಟೋ: ಹಳೇ ಅಕ್ಕಿ ಗಿರಣಿ. ಸೂರಿನ ಉದ್ದಕ್ಕೂ ಒಂದೇ ಶಾಫ್ಟು, ಅದರಿಂದ ಕೆಳಗಿನ ಪ್ರತಿ ಮೆಷಿನ್ನಿಗೂ ಒಂದೊಂದು ಬೆಲ್ಟು.

ಈಗ ಎಐ ವಿಷಯ. ಅದಕ್ಕೆ ಈ ಗಿರಣಿ ಯಾಕೆ ಅಂತೀರಾ? ತಾಳಿ.

ಉಗಿ ಎಂಜಿನ್ ಕಾಲದಲ್ಲಿ ಇಡೀ ಕಾರ್ಖಾನೆ ಹೀಗೇ ಇರ್ತಿತ್ತು. ಅಮೆರಿಕದಲ್ಲಿ ವಿದ್ಯುತ್ ಬಂದಾಗ ಮಾಲೀಕರು ಉಗಿ ಎಂಜಿನ್ ಕಿತ್ತು, ಅದೇ ಜಾಗದಲ್ಲಿ ದೊಡ್ಡ ಮೋಟರ್ ಇಟ್ರು. ಶಾಫ್ಟು, ಬೆಲ್ಟು ಎಲ್ಲ ಹಾಗೇ. ಲಾಭ ಅಷ್ಟಕ್ಕಷ್ಟೇ. ಪ್ರತಿ ಮೆಷಿನ್ನಿಗೂ ಅದರದ್ದೇ ಸಣ್ಣ ಮೋಟರ್ ಕೊಟ್ಟು, ಮೆಷಿನ್‌ಗಳನ್ನ ಕೆಲಸ ಹರಿಯೋ ಕ್ರಮದಲ್ಲಿ ಜೋಡಿಸಿದ ಮೇಲೆ ಉತ್ಪಾದಕತೆ ಜಿಗಿಯಿತು. 1880ರ ದಶಕದಲ್ಲಿ ವಿದ್ಯುತ್ ಸ್ಥಾವರ ಬಂದ್ರೆ ಆ ಜಿಗಿತ ಕಂಡಿದ್ದು 1920ರ ದಶಕದಲ್ಲಿ. ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ 1990ರಲ್ಲಿ ಕಂಪ್ಯೂಟರ್ ಬಗ್ಗೆ ಬರೀವಾಗ ಇದನ್ನೇ ನೆನಪಿಸಿದ್ರು.

ನಮ್ಮ ಎಐ ಈಗ ಆ ದೊಡ್ಡ ಮೋಟರ್ ಹಂತದಲ್ಲಿದೆ. ನಾನು ಬಳಸ್ತೀನಿ, ಸುಳ್ಳು ಹೇಳಲ್ಲ. ಎರಡು ಸಾವಿರ ಸಾಲಿನ ಟ್ಯಾಗ್ ಲಿಸ್ಟ್ ಜೋಡಿಸೋಕೆ, ಅಲಾರಂ ಸಾಲುಗಳನ್ನ ಕನ್ನಡಕ್ಕೆ ತರೋಕೆ ಚಿನ್ನದಂಥ ಸಹಾಯ. ಆದ್ರೆ ಹಿಂದೊಮ್ಮೆ ಒಂದು ಪ್ರಾಜೆಕ್ಟಿನ ಡೈರಿ ತೆಗೆದು ಲೆಕ್ಕ ಹಾಕಿದ್ದೆ. ಆರ್ಡರ್ ಬಂದ ದಿನದಿಂದ ಹಸ್ತಾಂತರದವರೆಗೆ 96 ದಿನ. ಅದರಲ್ಲಿ ಕೋಡ್ ಬರೆದಿದ್ದು 19 ದಿನ. ಸೈಟ್ ಕಮಿಷನಿಂಗ್ 31 ದಿನ. ಉಳಿದ 46 ದಿನ ಡ್ರಾಯಿಂಗ್‌ಗೆ ಕಾದಿದ್ದು, ಬದಲಾದ ಡ್ರಾಯಿಂಗ್‌ಗೆ ಮತ್ತೆ ಕಾದಿದ್ದು, ಮೀಟಿಂಗು, ಪ್ಯಾನೆಲ್ ಬರಲಿಲ್ಲ ಅಂತ ಫೋನು. ಎಐ ನನ್ನ ಕೋಡಿಂಗನ್ನ ಅರ್ಧಕ್ಕೆ ಇಳಿಸಿದ್ರೂ 96ರಲ್ಲಿ ಒಂಬತ್ತು ಹತ್ತು ದಿನ ಉಳಿಯುತ್ತೆ, ಅಷ್ಟೇ.

ಅರ್ಧಕ್ಕೆ ಇಳಿಸುತ್ತಾ ಅನ್ನೋದೂ ಅನುಮಾನ. 2025ರಲ್ಲಿ ಮೀಟರ್ ಅನ್ನೋ ಸಂಸ್ಥೆ ಒಂದು ಪ್ರಯೋಗ ಮಾಡ್ತು. 16 ಜನ ಅನುಭವಿ ಡೆವಲಪರ್‌ಗಳು, ಅವರೇ ಚೆನ್ನಾಗಿ ಬಲ್ಲ ಓಪನ್ ಸೋರ್ಸ್ ಪ್ರಾಜೆಕ್ಟುಗಳು, 246 ಕೆಲಸ. ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಸಮಯ ಹಿಡೀತು. ಎಲ್ಲ ಮುಗಿದ ಮೇಲೂ ಅವರು "ಶೇ 20ರಷ್ಟು ಬೇಗ ಮಾಡಿದ್ವಿ" ಅಂತಲೇ ಅಂದುಕೊಂಡಿದ್ರು. ಅದು ಆ ವರ್ಷದ ಆರಂಭದ ಟೂಲ್‌ಗಳ ಲೆಕ್ಕ, ಸಣ್ಣ ಗುಂಪು, ಪಿಎಲ್‌ಸಿ ಅಂತೂ ಅಲ್ಲವೇ ಅಲ್ಲ. ಹಾಗಾಗಿ ಎಐ ದಂಡ ಅಂತ ಇದರಿಂದ ತೀರ್ಮಾನ ಮಾಡಲ್ಲ. ಆದ್ರೆ ನಾವು ಬೇಗ ಮಾಡ್ತಿದ್ದೀವಾ ಅಂತ ನಮ್ಮ ಮನಸ್ಸನ್ನ ಕೇಳಿದ್ರೆ ಅದು ನಿಜ ಹೇಳಲ್ಲ ಅನ್ನೋದು ಮಾತ್ರ ತಲೆಯಲ್ಲಿ ಕೂತುಬಿಟ್ಟಿದೆ.

(ಭಾಗ 5)

ಫೋಟೋ: ನನ್ನ ಮೇಜು. ಎರಡು ಪಿಎಲ್‌ಸಿ ಒಂದಕ್ಕೊಂದು ಎದುರು. ಒಂದು ನಿಜವಾದದ್ದು, ಇನ್ನೊಂದು ಕಾರ್ಖಾನೆಯ ನಾಟಕ ಆಡೋದು.

ಹಾಗಾದ್ರೆ ದಿನ ಉಳಿಯೋದು ಎಲ್ಲಿ? ಸೈಟಿನ ಆ 31 ದಿನದಲ್ಲಿ.

ನಮ್ಮಲ್ಲಿ ಹೊಸ ಪ್ರಾಜೆಕ್ಟ್ ಅಂದ್ರೆ ಹಳೇದನ್ನ ಕಾಪಿ ಮಾಡಿ ಹೆಸರು ಬದಲಾಯಿಸೋದು. ಅವಸರದಲ್ಲಿ ಎಲ್ಲರೂ ಮಾಡ್ತಾರೆ, ನಾನೂ ಮಾಡಿದ್ದೀನಿ. ಹೀಗೆ ಕಾಪಿ ಆದ ಮೋಟರ್ ಲಾಜಿಕ್ ಒಂದರಲ್ಲಿ ಒಂದು ದೋಷ ಇತ್ತು: ಕರೆಂಟ್ ಹೋಗಿ ಬಂದ್ರೆ ಮೋಟರ್ ತಾನಾಗೇ ಶುರುವಾಗ್ತಿತ್ತು. ಅದರೊಳಗೆ ಯಾರಾದ್ರೂ ಕೈ ಹಾಕಿದ್ರೆ? ಒಂದು ಸೈಟಲ್ಲಿ ಅಕಸ್ಮಾತ್ ಕಣ್ಣಿಗೆ ಬಿತ್ತು. ದೇವರ ದಯೆ, ಯಾರಿಗೂ ಏನೂ ಆಗಿರಲಿಲ್ಲ. ಹುಡುಕಿದ್ರೆ ಏಳು ಸೈಟಿಗೆ ಅದೇ ಹೋಗಿತ್ತು. ಏಳು ಕಡೆಗೂ ಫೋನ್ ಮಾಡಿ ತಪ್ಪೊಪ್ಪಿಕೊಂಡ ಆ ಮಧ್ಯಾಹ್ನ ಇವತ್ತಿಗೂ ಮರೆತಿಲ್ಲ.

ಆಮೇಲೆ ಕೂತು ಒಂದು ಲೈಬ್ರರಿ ಮಾಡಿದೆ. ಮೋಟರಿಗೆ ಒಂದು ಬ್ಲಾಕು, ವಾಲ್ವಿಗೆ ಒಂದು, ಅಳತೆ ಸಿಗ್ನಲ್ಲಿಗೆ ಒಂದು. ಪ್ರತಿಯೊಂದಕ್ಕೂ ಟೆಸ್ಟ್: ಕರೆಂಟ್ ಹೋದ್ರೆ? ಸೆನ್ಸರ್ ವೈರ್ ತುಂಡಾದ್ರೆ? ಆಪರೇಟರ್ ಒಂದೇ ಬಟನ್ ಮೂರು ಸಲ ಒತ್ತಿದ್ರೆ? (ಒತ್ತೇ ಒತ್ತುತ್ತಾರೆ.) ಸರಿ ಮಾಡೋದಿದ್ರೆ ಒಂದೇ ಕಡೆ ಮಾಡಿದ್ರೆ ಸಾಕು.

ಮರುಬಳಕೆ ಅಂದ ತಕ್ಷಣ ಎಲ್ಲ ಸರಿಹೋಗಲ್ಲ, ಅದನ್ನೂ ಹೇಳಬೇಕು. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿದ ಮೊದಲ ನಿಮಿಷದೊಳಗೇ ಚೂರಾಯ್ತು. ಏರಿಯಾನ್ 4ರಲ್ಲಿ ಚೆನ್ನಾಗಿ ಓಡಿದ್ದ ಕೋಡನ್ನೇ ಹಾಕಿದ್ರು. ಹೊಸ ರಾಕೆಟ್ಟಿನ ಅಡ್ಡ ವೇಗ ಜಾಸ್ತಿ, ಆ ಸಂಖ್ಯೆ 16 ಬಿಟ್‌ನೊಳಗೆ ಹಿಡಿಸಲಿಲ್ಲ. ಕರುಳು ಹಿಂಡೋ ವಿಷಯ ಅಂದ್ರೆ, ಆ ಲೆಕ್ಕ ನೆಲ ಬಿಟ್ಟ ಮೇಲೆ ಏರಿಯಾನ್ 5ಕ್ಕೆ ಬೇಕಾಗೇ ಇರಲಿಲ್ಲ.

ಅದಕ್ಕೇ ಫೋಟೋದಲ್ಲಿರೋ ಎರಡನೇ ಡಬ್ಬಿ. ನಿಜವಾದ ಪಿಎಲ್‌ಸಿ "ವಾಲ್ವ್ ತೆರಿ" ಅಂದ್ರೆ, ಇದು ಮೂರು ಸೆಕೆಂಡು ಬಿಟ್ಟು "ತೆರೆದೆ" ಅನ್ನುತ್ತೆ. ಬೇಕೆಂದೇ ಕೆಲವು ಸಲ ಸುಮ್ಮನಿರುತ್ತೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ವರ್ಚುವಲ್ ಕಮಿಷನಿಂಗ್ ಅಂತ ಚಂದದ ಹೆಸರಿದೆ, ಮೂರು ಆಯಾಮದ ಪ್ಲಾಂಟೇ ಪರದೆ ಮೇಲೆ ಓಡುತ್ತೆ. ನನ್ನದು ಬಡವರ ಮನೆ ಆವೃತ್ತಿ. ಅದನ್ನ ಇಟ್ಟುಕೊಂಡು, ಸೈಟಿಗೆ ಹೋಗೋಕೆ ಮುಂಚೆ ಆಪರೇಟರನ್ನೇ ವಿಡಿಯೋ ಕಾಲ್‌ನಲ್ಲಿ ಕೂರಿಸಿ, "ಈಗ ಮಿಲ್ ಟ್ರಿಪ್ ಆಯ್ತು, ನೀವೇನು ಮಾಡ್ತೀರಿ?" ಅಂತ ಕೇಳಿದೆ.

ಹೆಚ್ಚುಕಮ್ಮಿ ಅಷ್ಟೇ ದೊಡ್ಡ ಮುಂದಿನ ಪ್ರಾಜೆಕ್ಟ್. ಸೈಟ್ 18 ದಿನಕ್ಕೆ ಮುಗೀತು. ಹದಿಮೂರು ದಿನ ಉಳೀತು.

(ಭಾಗ 6)

ಫೋಟೋ: ಇಲ್ಲ. ಆವತ್ತಿನ ಮೀಟಿಂಗ್ ರೂಮಿನ ಫೋಟೋ ತೆಗೆಯೋ ಧೈರ್ಯ ಇರಲಿಲ್ಲ. ಹಾಗಾಗಿ ಕಪ್ಪು ಚೌಕ.

ಖುಷಿಯಿಂದ ಬಾಸ್ ಹತ್ರ ಹೋದೆ. ಅವರು ಕೆಟ್ಟವರಲ್ಲ, ಲೆಕ್ಕ ಬಲ್ಲವರು. ಕ್ಯಾಲ್ಕ್ಯುಲೇಟರ್ ಒತ್ತಿ ಹೇಳಿದ್ರು: "ನೋಡಮ್ಮಾ, ಕ್ಲೈಂಟ್ ನಮಗೆ ಕೊಡೋದು ಮ್ಯಾನ್-ಡೇ ಲೆಕ್ಕದಲ್ಲಿ. ಹದಿಮೂರು ದಿನ, ಇಬ್ಬರು ಎಂಜಿನಿಯರು, ಇಪ್ಪತ್ತಾರು ಮ್ಯಾನ್-ಡೇ ಬಿಲ್ಲು ಹೋಯ್ತು. ನೀನು ಮಾಡಿದ್ದು ಒಳ್ಳೇದೇ. ಆದ್ರೆ ಇನ್ಮೇಲೆ ಸ್ವಲ್ಪ ನಿಧಾನಕ್ಕೆ ಮುಗಿಸು."

ಸಿಟ್ಟು ಬಂತು. ಆಚೆ ಬಂದ್ರೆ ನನ್ನ ಜೊತೆ ಸೈಟಿಗೆ ಬಂದಿದ್ದ ಹುಡುಗನ ಮುಖವೂ ಚಿಕ್ಕದಾಗಿತ್ತು. ಅವನ ಸಂಬಳ ಕಮ್ಮಿ, ಸೈಟ್ ಭತ್ಯೆಯೇ ಆಸರೆ. ಊರಲ್ಲಿ ತಂಗಿ ಮದುವೆ ಸಾಲದ ಕಂತು ಅದರಲ್ಲೇ ಹೋಗ್ತಿತ್ತು. ಹದಿಮೂರು ದಿನದ ಭತ್ಯೆ ನಾನು ಕಿತ್ಕೊಂಡಿದ್ದೆ. "ಅಕ್ಕಾ, ನಿಮ್ಮ ಲೈಬ್ರರಿ ಸೂಪರ್" ಅಂದ. ಆ ಮಾತಲ್ಲಿ ಎಷ್ಟು ಸಕ್ಕರೆ ಇತ್ತು, ಎಷ್ಟು ಬೇವಿತ್ತು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಕ್ಲೈಂಟ್ ಕಡೆ ಪರ್ಚೇಸ್‌ನವರು? ಬೇಗ ಮುಗಿದಿದ್ದಕ್ಕೆ, "ಹಾಗಾದ್ರೆ ಮೊದಲು ಜಾಸ್ತಿ ದಿನ ಹಾಕಿ ಮೋಸ ಮಾಡ್ತಿದ್ರಾ?" ಅಂತ ಕೇಳಿದ್ರು.

ಲೈಬ್ರರಿ ಮಾಡೋಕೆ ನಾನು ಕಳೆದ ಎರಡು ತಿಂಗಳ ಸಂಜೆಗಳು ಯಾವ ಟೈಮ್‌ಶೀಟಲ್ಲೂ ಇರಲಿಲ್ಲ. ಆ ವರ್ಷದ ರೇಟಿಂಗ್‌ನಲ್ಲಿ ನನಗಿಂತ ಮೇಲೆ ಬಂದಿದ್ದು ಸೈಟಲ್ಲಿ 45 ದಿನ ಕೂತು "ಕಷ್ಟಪಟ್ಟ" ಇನ್ನೊಬ್ಬರು. ಅವರು ನಿಜಕ್ಕೂ ಕಷ್ಟಪಟ್ಟಿದ್ರು, ಅದರಲ್ಲಿ ಎರಡು ಮಾತಿಲ್ಲ. ಅಳೆಯೋ ಕೋಲೇ ಸೊಟ್ಟ. 1982ರಲ್ಲಿ ಆ್ಯಪಲ್‌ನಲ್ಲಿ ಮ್ಯಾನೇಜರ್‌ಗಳು ವಾರಕ್ಕೆ ಎಷ್ಟು ಸಾಲು ಕೋಡ್ ಬರೆದ್ರಿ ಅಂತ ಫಾರ್ಮ್ ತುಂಬಿಸ್ತಿದ್ರಂತೆ. ಬಿಲ್ ಆಟ್ಕಿನ್ಸನ್ ಒಂದು ಭಾಗವನ್ನ ಹೊಸದಾಗಿ ಬರೆದು, ವೇಗ ಹೆಚ್ಚಿಸಿ, ಕೋಡ್ ಕಮ್ಮಿ ಮಾಡಿ, ಫಾರ್ಮಲ್ಲಿ ಮೈನಸ್ 2000 ಅಂತ ತುಂಬಿದ್ರು. ಕೆಲವು ವಾರ ಆದ್ಮೇಲೆ ಅವರ ಹತ್ರ ಫಾರ್ಮ್ ಕೇಳೋದನ್ನೇ ಬಿಟ್ರು. ನಮ್ಮಲ್ಲಿ ಮೈನಸ್ 13 ದಿನ ಅಂತ ತುಂಬೋಕೆ ಕಾಲಮ್ಮೇ ಇಲ್ಲ.

ಈಗ ನನ್ನ ಅಭಿಪ್ರಾಯ ಬಿಚ್ಚಿ ಹೇಳ್ತೀನಿ. ಓದೋಕೆ ಬರೋ ಭಾಷೆ, ಒಪ್ಪಿದ ಮಾನದಂಡ, ಪ್ರೊಸೆಸ್ ಬಲ್ಲ ಜನ, ಟೆಸ್ಟ್ ಆದ ಬ್ಲಾಕು, ಸೈಟಿಗೆ ಮುಂಚಿನ ಸಿಮ್ಯುಲೇಷನ್: ಇವು ಯಾವುವೂ ಗುಟ್ಟಲ್ಲ. ಇವನ್ನ ಮಾಡೋಕೆ ಬೆವರು ಸುರಿಸಬೇಕಾದವರು ಎಂಜಿನಿಯರು ಮತ್ತು ಸಣ್ಣ ಕಂಪನಿ. ಉಳಿದ ದಿನದ ಲಾಭ ಹೋಗೋದು ಬೇರೆಯವರಿಗೆ. ಜೊತೆಗೆ ಮಾಡಿದವರಿಗೇ ನಷ್ಟ, ಬೈಗುಳ. ಹೀಗಿದ್ದಾಗ ಯಾವ ಟೂಲ್ ತಂದ್ರೂ ಜನ ಅದನ್ನ ಬಳಸಿ ಮೊದಲಿನಷ್ಟೇ ದಿನ ತಗೊಳ್ತಾರೆ. ಅವರನ್ನ ಸೋಮಾರಿ ಅನ್ನೋಕೆ ನನಗೆ ಬಾಯಿ ಬರಲ್ಲ.

"ಫಿಕ್ಸೆಡ್ ಪ್ರೈಸ್ ಮಾಡಿ, ಸರಿಹೋಗುತ್ತೆ" ಅಂತ ಕೆಲವರು ಹೇಳ್ತಾರೆ. ಅರ್ಧ ಸರಿ. ಕೊನೇ ಗಳಿಗೆಯಲ್ಲಿ ಡ್ರಾಯಿಂಗ್ ಬದಲಾಯಿಸೋ ಕ್ಲೈಂಟ್ ಸಿಕ್ಕಿದ್ರೆ ಫಿಕ್ಸೆಡ್ ಪ್ರೈಸು ಸಣ್ಣ ಕಂಪನಿಯ ಕುತ್ತಿಗೆಗೆ ಉರುಳು. ಮೋಟರ್ ಇಷ್ಟು, ವಾಲ್ವ್ ಇಷ್ಟು, ಸಿಗ್ನಲ್ ಇಷ್ಟು ಅಂತ ಎಣಿಸಿ ಬೆಲೆ, ಬದಲಾವಣೆಗೆ ಬೇರೆ ಬೆಲೆ, ಭತ್ಯೆಯ ಒಂದು ಭಾಗ ಸಂಬಳದೊಳಕ್ಕೆ. ಈ ಮೂರೂ ಒಟ್ಟಿಗೆ ಇದ್ರೆ ಮಾತ್ರ ಬೇಗ ಮುಗಿಸೋನಿಗೆ ಬೇಗ ಮುಗಿಸೋ ಮನಸ್ಸು ಬರುತ್ತೆ.

(ಭಾಗ 7)

ಫೋಟೋ: ಪೀಣ್ಯ ಎರಡನೇ ಹಂತ, ಮೊದಲ ಮಹಡಿ, ನಮ್ಮ ಈಗಿನ ಆಫೀಸು. ನಾಲ್ಕು ಜನ, ಮೂರು ಫ್ಯಾನು. ಕೆಳಗೆ ಪೌಡರ್ ಕೋಟಿಂಗ್ ಅಂಗಡಿ, ಅದರ ವಾಸನೆ ಫ್ರೀ.

ಆ ಕೆಲಸ ಬಿಟ್ಟು ಐದು ವರ್ಷ ಆಯ್ತು. ಇಲ್ಲಿ ನಾವು ಎಣಿಸಿಯೇ ಬೆಲೆ ಹೇಳೋದು. ಸೈಟ್ ಬೇಗ ಮುಗಿದ್ರೂ ಹುಡುಗರ ಕೈಗೆ ಬರೋದು ಕಮ್ಮಿ ಆಗಲ್ಲ. ಉಳಿದ ದಿನಗಳಲ್ಲಿ ಒಂದಿಷ್ಟನ್ನ ಆಪರೇಟರ್‌ಗಳ ಪಕ್ಕ ಕೂರೋಕೆ, ಒಂದಿಷ್ಟನ್ನ ಲೈಬ್ರರಿಗೆ, ಇನ್ನುಳಿದದ್ದನ್ನ ಮನೆಗೆ ಹೋಗಿ ಮಲಗೋಕೆ ಬಳಸ್ತೀವಿ. ಲಾಭ ಜಾಸ್ತಿ ಏನಿಲ್ಲ, ಬಾಡಿಗೆ ಕಟ್ಟಿ ಉಳಿಯುತ್ತೆ. ಅಕ್ಕಾ ಅಂದಿದ್ದ ಆ ಹುಡುಗ ಈಗ ಇಲ್ಲೇ ಇದ್ದಾನೆ. ಮೋಟರ್ ಬ್ಲಾಕಿನ ಆರನೇ ಆವೃತ್ತಿ ಅವನದ್ದೇ.

ಆದ್ರೂ ಹೋದ ತಿಂಗಳು ಒಂದು ದೊಡ್ಡ ಟೆಂಡರ್ ಬಂತು. ಎಕ್ಸೆಲ್ ಫಾರ್ಮ್. ಅದರಲ್ಲಿ ಒಂದು ಕಾಲಮ್: ಸೈಟ್ ಕಮಿಷನಿಂಗ್, ಎಷ್ಟು ಮ್ಯಾನ್-ಡೇ? ಖಾಲಿ ಬಿಟ್ರೆ ಫಾರ್ಮ್ ಮುಂದಕ್ಕೆ ಹೋಗಲ್ಲ. ಫೋನ್ ಮಾಡಿ ನಮ್ಮ ಲೆಕ್ಕ ವಿವರಿಸಿದೆ. ಅತ್ತಲಿಂದ ಅವರು ಸೌಜನ್ಯದಿಂದಲೇ ಹೇಳಿದ್ರು: "ಮೇಡಂ, ಏನಾದ್ರೂ ಒಂದು ನಂಬರ್ ಹಾಕಿ. ತುಂಬ ಕಮ್ಮಿ ಹಾಕಿದ್ರೆ ಅನುಭವ ಇಲ್ಲ ಅಂತ ಟೆಕ್ನಿಕಲ್‌ನಲ್ಲೇ ತೆಗೆದುಬಿಡ್ತಾರೆ."

ನಮಗೆ 18 ದಿನದ ಕೆಲಸ. ನಾಲ್ಕೂ ಜನ ಫಾರ್ಮ್ ಸುತ್ತ ನಿಂತಿದ್ವಿ.

31 ಅಂತ ತುಂಬಿ ಕಳಿಸಿದೆ.

#ಪೀಣ್ಯ #ಪಿಎಲ್‌ಸಿ #ಸಕ್ಕರೆಕಾರ್ಖಾನೆ #ಕೆಲಸದಮಾತು